ಪಕ್ಕದ ಸೀಟಿನ ಮೇಷ್ಟ್ರು

ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದವರ ಕೆಲಸ ಹೋದದ್ದು ನನ್ನ ಬಲಗಾಲಿನಿಂದ. ಹದಿನೆಂಟು ವರ್ಷ ಈ ಮಾತನ್ನು ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹೇಳಿದ ದಿನ ಅವಳು ಪೂರ್ತಿ ಕೇಳಿಸಿಕೊಂಡು, ಆ ಕಾಲನ್ನು ಹೊರಗೇ ಒರೆಸಿಕೊಂಡು ಬನ್ನಿ, ನೆಲ ಇನ್ನೂ ಆರಿಲ್ಲ ಅಂದಿದ್ದಳು.

ನಾನು ಬಸ್ ಡ್ರೈವರು, ಆಟಗಾರನಲ್ಲ. ನಾನು ಚೆಂಡನ್ನು ಒದ್ದದ್ದಕ್ಕಿಂತ ಚೆಂಡು ನನಗೆ ಬಡಿದದ್ದೇ ಹೆಚ್ಚು. ಕ್ಲಬ್ಬಿಗೂ ನನಗೂ ಇದ್ದ ಸಂಬಂಧ ಅಂದರೆ ಮರದ ಗ್ಯಾಲರಿಯ ನಾಲ್ಕನೇ ಸಾಲಿನಲ್ಲಿ ಕೂರಲು ಒಂದು ಹಲಗೆ, ಕಾಲಿಡಲು ಇನ್ನೊಂದು ಹಲಗೆ. ಆ ಎರಡನೇ ಹಲಗೆಯಿಂದಲೇ ತೊಂದರೆ ಆದದ್ದು.

ಮ್ಯಾನೇಜರನ್ನು ನಾವು ಯಾರೂ ಮ್ಯಾನೇಜರ್ ಅಂದವರಲ್ಲ, ಮೇಷ್ಟ್ರು ಅನ್ನುತ್ತಿದ್ದೆವು. ಅವರ ನಿಜವಾದ ಕಸುಬು ಡ್ರೈವಿಂಗ್ ಸ್ಕೂಲು. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒಂದು ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಮೇಜಿನ ಮೇಲೆ ಆಟದ ಕಾರುಗಳು, ಹೊರಗೆ ಎಲ್ ಬೋರ್ಡು ಹಾಕಿದ ಒಂದೇ ಒಂದು ನಿಜವಾದ ಕಾರು. ಆ ಕಾರಿಗೆ ಕಲಿಯುವವನ ಕಾಲಡಿ ಒಂದು ಬ್ರೇಕು, ಪಕ್ಕದ ಸೀಟಿನಲ್ಲಿ ಮೇಷ್ಟ್ರ ಕಾಲಡಿ ಇನ್ನೊಂದು. ನಾನೂ ಸೇರಿ ಊರಿನ ಅರ್ಧ ಜನ ಅದರಲ್ಲೇ ಕಲಿತವರು. ಉಳಿದರ್ಧ ಜನ ನಡೆದು ಹೋಗುತ್ತಿದ್ದರು, ಮೊದಲರ್ಧದವರ ದೆಸೆಯಿಂದ ಜೀವ ಕೈಯಲ್ಲಿ ಹಿಡಿದುಕೊಂಡು.

ನಲವತ್ತು ವರ್ಷ ಆ ಸೀಟಿನಲ್ಲಿ ಕೂತು ಮೇಷ್ಟ್ರ ಬಲಗಾಲಿಗೆ ಅದರದ್ದೇ ಒಂದು ಬುದ್ಧಿ ಬೆಳೆದಿತ್ತು. ಯಾವ ಗಾಡಿಯಲ್ಲಿ ಕೂತರೂ, ಎದುರಿಗೆ ಏನಾದರೂ ಅಡ್ಡ ಬಂದರೆ ಆ ಕಾಲು ನೆಲ ಒತ್ತುತ್ತಿತ್ತು. ನನ್ನ ಬಸ್ಸಿಗೆ ಹತ್ತಿದರೆ ಬಾಗಿಲ ಬಳಿಯ ಮೊದಲ ಸೀಟೇ ಆಗಬೇಕು. ಪ್ರತಿ ನಿಲ್ದಾಣಕ್ಕೂ ನನಗಿಂತ ಒಂದು ಗಳಿಗೆ ಮೊದಲೇ ಒತ್ತುತ್ತಿದ್ದರು. ಬಸ್ಸು ನಿಲ್ಲಿಸುತ್ತಿರುವುದು ನಾನೋ ಅವರೋ ಎಂದು ನನಗೇ ಎಷ್ಟೋ ಸಲ ಅನುಮಾನ ಬಂದಿದೆ. ಸಂಬಳ ಮಾತ್ರ ನಾನು ತೆಗೆದುಕೊಳ್ಳುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅವರು ಕೂತದ್ದನ್ನು ನೋಡಿದವರಿಲ್ಲ. ಹಿಂದಿನ ಸೀಟು ಇರೋದು ಸಾಮಾನಿಗೆ ಅನ್ನುವುದು ಅವರ ಮೊದಲ ಪಾಠ.

ಎರಡನೇ ಪಾಠ, ಕಲಿಯುವವನು ಎಲ್ಲಿಗಾದರೂ ಗುದ್ದಿದರೆ ತಪ್ಪು ಪಕ್ಕದ ಸೀಟಿನದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ನನಗೆ ಇದು ನೆನಪಾಗಲು ಹದಿನೆಂಟು ವರ್ಷ ಹಿಡಿಯಿತು.

ಈ ವರ್ಷ ಮೇಷ್ಟ್ರು ಸ್ಕೂಲು ಮುಚ್ಚಿದರು. ತಂಗಿಯ ಊರಿಗೆ ಹೋಗುತ್ತಾರಂತೆ. ಅವಳೂ ಒಬ್ಬಳೇ, ನಾನೂ ಒಬ್ಬನೇ, ಎರಡು ಮನೆಯಲ್ಲಿ ಯಾಕೆ ದೀಪ ಉರಿಸೋದು ಅಂದರಂತೆ. ಹೊರಡುವುದು ಸೋಮವಾರ ಬೆಳಿಗ್ಗೆ. ಅದಕ್ಕೆ ಹಿಂದಿನ ಭಾನುವಾರ ಮಧ್ಯಾಹ್ನ ನಮ್ಮ ಹಳೇ ಅಭಿಮಾನಿಗಳ ಕೂಟ. ಸೀಸನ್ ಮುಗಿದ ಮೇಲೆ ಪ್ರತಿ ವರ್ಷ ದರ್ಜಿಯ ಅಂಗಡಿಯಲ್ಲಿ ಸೇರಿ ಮೇಷ್ಟ್ರ ಕತೆ ಹೇಳಿಕೊಂಡು ನಗುವುದು ನಮ್ಮ ಪದ್ಧತಿ. ಇಷ್ಟು ವರ್ಷಗಳಲ್ಲಿ ಮೇಷ್ಟ್ರನ್ನೇ ಒಂದು ಸಲವೂ ಕರೆದಿರಲಿಲ್ಲ. ಯಾಕೆ ಎಂದರೆ ಒಬ್ಬೊಬ್ಬರು ಒಂದೊಂದು ನೆಪ ಹೇಳುತ್ತಿದ್ದರು. ಜಾಗ ಸಾಲದು ಅನ್ನುತ್ತಿದ್ದ ದರ್ಜಿ. ಜಾಗ ಸಾಲದಷ್ಟು ದಪ್ಪಗಿದ್ದವನು ಆ ಕೂಟದಲ್ಲಿ ಅವನೊಬ್ಬನೇ.

ಈ ಸಲ ಕರೆಯದಿದ್ದರೆ ಮುಂದೆ ಕರೆಯುವುದಕ್ಕೆ ಮೇಷ್ಟ್ರೇ ಇರುವುದಿಲ್ಲ. ಕರೆದೆವು, ಬರುತ್ತೇನೆ ಅಂದರು. ಭಾನುವಾರ ಹೇಳಿಬಿಡಬೇಕು, ಇಲ್ಲದಿದ್ದರೆ ಸಾಯುವ ತನಕ ಈ ಕಾಲನ್ನು ಹೊತ್ತು ತಿರುಗಬೇಕು. ಹೆಂಡತಿಯನ್ನು ಕೇಳಿದೆ.

"ಹೇಳಿಬಿಡಿ," ಅಂದಳು. "ಕಾಲು ಹೇಗೂ ನಿಮ್ಮ ಜೊತೇಲೇ ಬರುತ್ತಲ್ಲ, ಬೇಕಾದ್ರೆ ಅದನ್ನೂ ತೋರಿಸಿ."

ಕೂಟದಲ್ಲಿ ನಾವು ಹತ್ತು ಹನ್ನೆರಡು ಜನ. ಅದರಲ್ಲಿ ನಿಮಗೆ ಬೇಕಾದವರು ಮೂರೇ. ಒಬ್ಬ ದರ್ಜಿ, ಒಂದು ಗೇಣು ಕತೆಗೆ ಎರಡು ಮೊಳ ಅಂಚು ಹೊಲಿಯುವವನು. ಇನ್ನೊಬ್ಬರು ಗೇಟಿನಕ್ಕ, ಮೂವತ್ತು ವರ್ಷ ಮೈದಾನದ ಗೇಟಿನಲ್ಲಿ ಟಿಕೆಟ್ ಹರಿದವರು. ಕ್ಲಬ್ಬಿನ ಅಧ್ಯಕ್ಷರ ಅಳಿಯನನ್ನೂ ಟಿಕೆಟ್ ಇಲ್ಲದೆ ಒಳಗೆ ಬಿಟ್ಟವರಲ್ಲ. ಮೂರನೆಯವನು ಗಾಳಿ, ಆ ಕಾಲದಲ್ಲಿ ನಮ್ಮ ತಂಡದ ಫಾರ್ವರ್ಡ್. ಅವನ ಓಟ ನೋಡಿ ಆ ಹೆಸರು ಬಿತ್ತು. ಅವನನ್ನು ಹಿಡಿಯಲು ಹೋದವರು ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡು ಬರುತ್ತಿದ್ದರು. ಈಗ ಟೈರ್ ಅಂಗಡಿ ಇಟ್ಟಿದ್ದಾನೆ. ಹೆಸರು ಮೊದಲು ಬಂತು, ಅಂಗಡಿ ಆಮೇಲೆ. ಅವನು ಪ್ರತಿ ವರ್ಷ ಕೂಟಕ್ಕೆ ಬರುತ್ತಾನೆ, ಬಾಗಿಲ ಬಳಿ ಕೂರುತ್ತಾನೆ, ಚಹಾ ಕುಡಿಯುತ್ತಾನೆ, ಬಾಯಿ ಬಿಡುವುದಿಲ್ಲ.

ಮೇಷ್ಟ್ರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬಾಗಿಲಲ್ಲಿ ನಿಂತು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿ ಒಳಗೆ ಕಾಲಿಟ್ಟರು. ದರ್ಜಿ ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ ಚಹಾದ ಫ್ಲಾಸ್ಕು, ಬಿಸ್ಕತ್ತು ಇಟ್ಟಿದ್ದ. ಒಳ್ಳೆಯ ಕುರ್ಚಿಯನ್ನು ಮೇಷ್ಟ್ರಿಗೆಂದೇ ನಡುವೆ ಹಾಕಿದ್ದೆವು. ಅದನ್ನು ಬಿಟ್ಟು, ಅಳತೆ ನೋಡುವ ನಿಲುವುಗನ್ನಡಿಯ ಮುಂದಿದ್ದ ಸ್ಟೂಲಿನ ಮೇಲೆ ಅದರತ್ತ ಮುಖ ಮಾಡಿ ಕೂತರು. ಅಲ್ಲಿಂದ ಹಿಂದೆ ಯಾರಿದ್ದಾರೆ ಎಂಬುದೂ ಕಾಣುತ್ತಿತ್ತು.

ಮೊದಲು ದರ್ಜಿಯೇ ಶುರುಮಾಡಿದ. ಮೇಷ್ಟ್ರು ಮ್ಯಾನೇಜರ್ ಆದದ್ದು ಹೇಗೆ ಎಂಬ ಕತೆ. ನಮ್ಮ ಕ್ಲಬ್ಬಿನ ಅಧ್ಯಕ್ಷರದು ಸೋಫಾ ಅಂಗಡಿ. ಆ ವರ್ಷ ತಂಡ ಒಂದು ಮ್ಯಾಚಿನಲ್ಲಿ ಐದು ಗೋಲು, ಇನ್ನೊಂದರಲ್ಲಿ ಏಳು ಗೋಲು ಹೊಡೆಸಿಕೊಂಡಿತ್ತು. ಇದ್ದ ಮ್ಯಾನೇಜರು ಅರ್ಧದಲ್ಲೇ ಹೇಳದೆ ಕೇಳದೆ ಹೋಗಿಬಿಟ್ಟಿದ್ದ. ಅಧ್ಯಕ್ಷರು ಆಗ ಮೇಷ್ಟ್ರ ಬಳಿ ಕಾರು ಕಲಿಯುತ್ತಿದ್ದರು. ತಿರುವಿನಲ್ಲಿ ಸ್ಟಿಯರಿಂಗ್ ಬಿಟ್ಟು ಹಣೆ ಹಣೆ ಚಚ್ಚಿಕೊಂಡು, ನಮ್ಮ ತಂಡಕ್ಕೆ ಯಾರಾದರೂ ಬ್ರೇಕ್ ಹಾಕೋರು ಬೇಕು ಮೇಷ್ಟ್ರೇ ಅಂದರಂತೆ. ಮೇಷ್ಟ್ರು ಬ್ರೇಕ್ ಹಾಕಿ, ಹಾಕೋಣ ಅಂದರಂತೆ. ಅಲ್ಲಿಯವರೆಗೆ ಅವರು ಒಂದು ಮ್ಯಾಚೂ ನೋಡಿರಲಿಲ್ಲ.

ಗೋಲಿಗೆ ಮೇಷ್ಟ್ರು ಅಪಘಾತ ಅನ್ನುತ್ತಿದ್ದರು. ಕಳೆದ ವರ್ಷ ಅರವತ್ತೆರಡು ಅಪಘಾತ, ಈ ವರ್ಷ ಹತ್ತಕ್ಕೆ ಇಳಿಸಬೇಕು ಎಂದು ಡ್ರೆಸ್ಸಿಂಗ್ ರೂಮಿನಲ್ಲಿ ಬರೆದು ಹಾಕಿದರು. ನಾವು ಹೊಡೆಯುವ ಗೋಲಿನ ಬಗ್ಗೆ ಕೇಳಿದರೆ, ಅದೂ ಅಪಘಾತವೇ, ಆದರೆ ತಪ್ಪು ಎದುರು ಗಾಡಿಯದು ಅನ್ನುತ್ತಿದ್ದರು.

ಆಟಗಾರರನ್ನು ಆರಿಸುವುದಕ್ಕೆ ಅವರು ಚೆಂಡು ತರಿಸಲಿಲ್ಲ, ಕಾರು ತಂದರು. ಎರಡು ಎಣ್ಣೆ ಡ್ರಮ್ಮು ಇಟ್ಟು, ನಡುವೆ ಹಿಂದಕ್ಕೆ ಹೊಡೆದು ನಿಲ್ಲಿಸಬೇಕು. ಕನ್ನಡಿ ನೋಡಿದವನು ಡಿಫೆಂಡರ್. ಕತ್ತು ತಿರುಗಿಸಿ ನೋಡಿದವನು ಮಿಡ್‌ಫೀಲ್ಡ್. ಡ್ರೈವಿಂಗ್ ಪರೀಕ್ಷೆಯಲ್ಲಿ ಐದು ಸಲ ನಪಾಸಾದ ಒಬ್ಬನಿದ್ದ, ಸಿಗ್ನಲ್ ಹಸಿರಾದರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಅವನನ್ನು ಗೋಲ್‌ಕೀಪರ್ ಮಾಡಿದರು. ನಮಗೆ ಸಿಕ್ಕ ಅತ್ಯುತ್ತಮ ಗೋಲ್‌ಕೀಪರ್ ಅವನೇ. ಪಕ್ಕದ ಊರಿನಿಂದ ಬಂದ ಒಬ್ಬ ಹುಡುಗ ಚೆಂಡನ್ನು ಕಾಲಿನಿಂದ ಬಿಡದೆ ಮೈದಾನ ಪೂರ್ತಿ ಸುತ್ತುತ್ತಿದ್ದ. ಅವನು ಬಾನೆಟ್ ನೋಡಿಕೊಂಡು ಗಾಡಿ ಓಡಿಸುತ್ತಾನೆ ಎಂದು ಮೇಷ್ಟ್ರು ವಾಪಸು ಕಳಿಸಿದರು. ಮುಂದಿನ ವರ್ಷ ಅವನು ಎದುರು ತಂಡದಲ್ಲಿ ನಿಂತು ನಮಗೆ ಮೂರು ಗೋಲು ಹೊಡೆದ. ಮೇಷ್ಟ್ರು ಮೂರನ್ನೂ ನೋಡಿ, ಈಗಲೂ ಬಾನೆಟ್ಟೇ ನೋಡ್ತಾನೆ ಅಂದರು.

"ನಾಲ್ಕು ಗೋಲು," ಅಂದ ದರ್ಜಿ.

"ಮೂರು," ಅಂದರು ಮೇಷ್ಟ್ರು. ಆ ಮಧ್ಯಾಹ್ನ ಅವರು ಮಾಡಿದ ತಿದ್ದುಪಡಿಯೆಲ್ಲ ಅಂಕಿಗಳದ್ದೇ. ಬೇರೆ ಯಾವುದನ್ನೂ ಅಲ್ಲಗಳೆಯಲಿಲ್ಲ.

ಅಂಚಿನಲ್ಲಿ ಓಡುವ ನಮ್ಮ ಆಟಗಾರರು ಎದುರಾಳಿಯನ್ನು ದಾಟುವ ಮುಂಚೆ ಕೈ ತೋರಿಸಬೇಕಾಗಿತ್ತು. ಓವರ್‌ಟೇಕ್ ಮಾಡುವವನು ಹೇಳಿ ಮಾಡಬೇಕು, ಅದು ಮರ್ಯಾದೆ. ಕೈ ಎತ್ತಿದ್ದನ್ನು ನೋಡಿ ರೆಫರಿ ಏನೋ ಪೆಟ್ಟಾಯಿತು ಎಂದು ಆಟ ನಿಲ್ಲಿಸುತ್ತಿದ್ದ. ಎದುರು ತಂಡದವರಿಗಂತೂ ನಾವು ಎಡಕ್ಕೆ ಹೋಗುತ್ತೇವೋ ಬಲಕ್ಕೋ ಎಂಬುದು ನಮಗಿಂತ ಮೊದಲೇ ಗೊತ್ತಾಗುತ್ತಿತ್ತು. ಹೀಗಾಗಿ ನಾವು ಗೋಲು ಹೊಡೆಯುತ್ತಿರಲಿಲ್ಲ, ಹೊಡೆಸಿಕೊಳ್ಳುತ್ತಲೂ ಇರಲಿಲ್ಲ. ಒಂದು ಸೀಸನ್ನಿನಲ್ಲಿ ಇಪ್ಪತ್ತಾರು ಮ್ಯಾಚು, ಅದರಲ್ಲಿ ಹತ್ತೊಂಬತ್ತು ಸೊನ್ನೆ-ಸೊನ್ನೆ. ಸ್ಕೋರ್‌ಬೋರ್ಡಿನವನು ಮನೆಯಿಂದಲೇ ಹಾಕಿಕೊಂಡು ಬರುತ್ತಿದ್ದ ಎಂದು ದರ್ಜಿ ಹೇಳಿದ.

"ಹದಿನೆಂಟು," ಅಂದರು ಮೇಷ್ಟ್ರು. "ಇನ್ನೊಂದು ಒಂದು-ಒಂದು ಆಗಿತ್ತು."

ಗೇಟಿನಕ್ಕ ಆಂಬುಲೆನ್ಸಿನ ಕತೆ ಹೇಳಿದರು. ಅಕ್ಕನ ಮನೆ ಮೇಷ್ಟ್ರ ಬೀದಿಯಲ್ಲೇ. ಮೂರು ವರ್ಷದ ಹಿಂದೆ ಮೇಷ್ಟ್ರಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಕರೆಸಿದವರು ಅಕ್ಕನೇ. ಮೇಷ್ಟ್ರು ಹಿಂದೆ ಮಲಗಲು ಒಪ್ಪಲಿಲ್ಲ. ಎದೆ ಹಿಡಿದುಕೊಂಡೇ ನಡೆದು ಬಂದು ಡ್ರೈವರ್ ಪಕ್ಕ ಕೂತರು. ದಾರಿಯುದ್ದಕ್ಕೂ ಗೇರು ಹೇಳಿದರು. ಆಸ್ಪತ್ರೆ ತಲುಪಿದಾಗ ಮೇಷ್ಟ್ರು ಚೆನ್ನಾಗಿಯೇ ಇದ್ದರು, ಡ್ರೈವರಿಗೆ ಮಾತ್ರ ಕೂರಲು ಕುರ್ಚಿ ಬೇಕಾಯಿತು.

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕುರ್ಚಿಯ ಕೆಳಗೆ ನನ್ನ ಬಲಗಾಲು ಎಡಗಾಲಿನ ಹಿಂದೆ ಅಡಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನನ್ನು ಯಾರೂ ಇನ್ನೂ ಕಳ್ಳ ಅಂದಿರಲಿಲ್ಲ.

ಅಷ್ಟರಲ್ಲಿ ಮಾತು ಬ್ರೇಕಿನ ಕಡೆಗೆ ಬಂತು. ಬರಲೇಬೇಕು, ನಮ್ಮ ಕ್ಲಬ್ಬು ಹೆಸರು ಮಾಡಿದ್ದೇ ಅದರಿಂದ.

ಮೈದಾನದ ಅಂಚಿನಲ್ಲಿ ನಿಂತು ಆಟ ನೋಡುವಾಗಲೂ ಮೇಷ್ಟ್ರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಎದುರಾಳಿ ನಮ್ಮ ಗೋಲಿನತ್ತ ನುಗ್ಗಿದರೆ ಅವರು ನೆಲ ಒತ್ತುತ್ತಿದ್ದರು. ಒತ್ತಿ ಒತ್ತಿ ಅಲ್ಲಿ ಒಂದು ಗುಳಿ ಬಿದ್ದಿತ್ತು. ಮೈದಾನ ನೋಡಿಕೊಳ್ಳುವವನು ಪ್ರತಿ ಸೋಮವಾರ ಅದಕ್ಕೆ ಮಣ್ಣು ತುಂಬುತ್ತಿದ್ದ. ಒಂದು ಸಲ ಎದುರು ತಂಡದ ಫಾರ್ವರ್ಡ್ ಒಬ್ಬನೇ ಚೆಂಡು ಹಿಡಿದು ಬಂದ, ನಮ್ಮ ಡಿಫೆಂಡರುಗಳೆಲ್ಲ ಕನ್ನಡಿ ನೋಡುತ್ತಾ ನಿಂತಿದ್ದರು. ಮೇಷ್ಟ್ರು ಕಾಲು ಒತ್ತಿದರು. ಗ್ಯಾಲರಿಯಲ್ಲಿ ನಾನೂರು ಜನ, ಮುಕ್ಕಾಲು ಪಾಲು ಅವರ ಬಳಿಯೇ ಕಲಿತವರು. ಅವರ ಕಾಲು ನೋಡುತ್ತಲೇ ನಮ್ಮ ಕಾಲೂ ಒತ್ತಿದವು. ನಾನೂರು ಬಲಗಾಲು ಒಟ್ಟಿಗೆ ಮರದ ಹಲಗೆಯ ಮೇಲೆ ಬಿದ್ದಾಗ ಎದ್ದ ಸದ್ದಿಗೆ ಆ ಫಾರ್ವರ್ಡು ತಲೆ ತಗ್ಗಿಸಿ ನೆಲಕ್ಕೆ ಕೂತ. ಚೆಂಡು ಹೊರಗೆ ಹೋಯಿತು.

ಅಂದಿನಿಂದ ಅದು ನಮ್ಮ ಪದ್ಧತಿ ಆಯಿತು. ಹಾಡು, ಡೋಲು, ಬಾವುಟ ಏನೂ ಇಲ್ಲ. ಗಂಡ ಹೆಂಡಿರು ಮಕ್ಕಳೆಲ್ಲ ಸುಮ್ಮನೆ ಕೂತು ಆಟ ನೋಡುತ್ತಿದ್ದೆವು. ಅಪಾಯ ಬಂದಾಗ ಒಂದೇ ಸಲ ಬ್ರೇಕ್ ಒತ್ತುತ್ತಿದ್ದೆವು. ಬೇರೆ ಊರಿನವರು ದೂರು ಕೊಟ್ಟರು. ಲೀಗಿನವರು ನಿಯಮದ ಪುಸ್ತಕವನ್ನೆಲ್ಲ ಜಾಲಾಡಿದರು, ಪ್ರೇಕ್ಷಕರು ಕಾಲು ಎತ್ತಿಕೊಂಡು ಕೂರಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ.

ಕತೆ ಇಲ್ಲಿಗೆ ಬಂದರೆ ಕೂಟ ಮುಗಿದ ಹಾಗೆ. ಪ್ರತಿ ವರ್ಷ ದರ್ಜಿ ಇಲ್ಲಿಗೇ ದಾರ ಕಡಿಯುತ್ತಾನೆ. ಇದರ ಮುಂದಿನದು ಕೊನೇ ಮ್ಯಾಚು, ಅದನ್ನು ಯಾರೂ ಎತ್ತುವುದಿಲ್ಲ. ಆ ದಿನವೂ ದರ್ಜಿ ಬಿಸ್ಕತ್ತಿನ ತಟ್ಟೆ ಕೈಗೆತ್ತಿಕೊಂಡ. ಮೇಷ್ಟ್ರು ಗಡಿಯಾರ ನೋಡಿದರು. ಪೆಟ್ಟಿಗೆ ಕಟ್ಟುವುದು ಇನ್ನೂ ಬಾಕಿ ಇದೆ ಅಂದರು. ನಾನು ಎದ್ದು ನಿಂತೆ.

ಆ ಮ್ಯಾಚು ಏನೆಂದು ಮೊದಲು ನಿಮಗೆ ಹೇಳಬೇಕು. ಹನ್ನೊಂದನೇ ವರ್ಷದ ಕೊನೇ ದಿನ. ಗೆದ್ದರೆ ನಮ್ಮ ಕ್ಲಬ್ಬು ಮೊಟ್ಟಮೊದಲ ಸಲ ಮೇಲಿನ ಡಿವಿಷನ್ನಿಗೆ. ಡ್ರಾ ಆದರೆ ಇಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನಮಗೆ ಡ್ರಾ ಸಾಲದೇ ಹೋಗಿತ್ತು, ಅದನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ಯಾರಿಗೂ ತಿಳಿದಿರಲಿಲ್ಲ. ಆಟ ಮುಗಿಯಲು ಎರಡು ನಿಮಿಷ, ಸೊನ್ನೆ-ಸೊನ್ನೆ. ಎದುರು ತಂಡದ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು, ಚೆಂಡು ಉರುಳಿ ಗಾಳಿಯ ಕಾಲಿಗೆ ಬಂತು. ಅವರ ಗೋಲ್‌ಕೀಪರ್ ಮುಂದೆ ಬಂದು ಜಾರಿ ಅಂಗಾತ ಬಿದ್ದಿದ್ದ. ಗಾಳಿಗೂ ಗೋಲಿಗೂ ನಡುವೆ ಬರೀ ಹುಲ್ಲು.

ಗಾಳಿ ಓಡಿದ. ಅವನು ಹಾಗೆ ಓಡಿದ್ದನ್ನು ನಾವು ನೋಡಿರಲಿಲ್ಲ. ಆ ವೇಗ ನೋಡಿ ನನಗೆ ಎದೆ ಧಸಕ್ಕೆಂದಿತು. ಓಡುತ್ತಿರುವವನು ನಮ್ಮವನು, ಹೋಗುತ್ತಿರುವುದು ಅವರ ಗೋಲಿಗೆ ಎಂಬುದು ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಒತ್ತಿಬಿಟ್ಟೆ. ನನ್ನ ಹಿಂದೆಯೇ ನಾನೂರು ಕಾಲು ಬಿದ್ದವು.

ಗಾಳಿ ನಿಂತುಬಿಟ್ಟ. ಗೋಲಿಗೆ ಹತ್ತು ಹೆಜ್ಜೆ ಇತ್ತು. ಚೆಂಡಿನ ಮೇಲೆ ಕಾಲಿಟ್ಟು, ಎಡಕ್ಕೂ ಬಲಕ್ಕೂ ನೋಡಿದ. ಬಿದ್ದಿದ್ದವರಲ್ಲಿ ಒಬ್ಬ ಎದ್ದು, ಬಟ್ಟೆ ಕೊಡವಿಕೊಂಡು, ನಡೆದು ಬಂದು ಚೆಂಡು ತೆಗೆದುಕೊಂಡು ಹೋದ. ಮ್ಯಾಚು ಸೊನ್ನೆ-ಸೊನ್ನೆ.

ಅದೇ ವಾರ ಅಧ್ಯಕ್ಷರು ಮೇಷ್ಟ್ರನ್ನು ಸೋಫಾ ಅಂಗಡಿಗೆ ಕರೆಸಿ, ಆ ಹುಡುಗ ಯಾಕೆ ನಿಂತ ಎಂದು ಕೇಳಿದರು. ಮೇಷ್ಟ್ರು, ನಾನೇ ನಿಲ್ಲಿಸಿದೆ ಅಂದರು. ಗ್ಯಾಲರಿಯ ಹೆಸರೇ ಎತ್ತಲಿಲ್ಲ. ಅಷ್ಟಕ್ಕೇ ಕೆಲಸ ಹೋಯಿತು. ಆಮೇಲೆ ಬಂದ ಮ್ಯಾನೇಜರು ಮೊದಲ ಮ್ಯಾಚಿನಲ್ಲೇ ಆರು ಗೋಲು ಹೊಡೆಸಿಕೊಂಡ. ಅದು ಬೇರೆ ಮಾತು.

ದರ್ಜಿಯ ಅಂಗಡಿಯಲ್ಲಿ ಎದ್ದು ನಿಂತ ನನಗೆ ಅಭ್ಯಾಸ ಮಾಡಿಕೊಂಡು ಬಂದದ್ದೊಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ಮೇಷ್ಟ್ರೇ, ಕೊನೇ ಮ್ಯಾಚಲ್ಲಿ ಮೊದಲು ಬ್ರೇಕ್ ಒತ್ತಿದ್ದು ನಾನು. ಅವನು ನಿಂತಿದ್ದು ನನ್ನಿಂದ. ನಿಮ್ಮ ಕೆಲಸ ಹೋಗಿದ್ದೂ ನನ್ನಿಂದಾನೇ."

ಮೇಷ್ಟ್ರು ಕನ್ನಡಿಯಲ್ಲಿ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಕ್ಲಚ್ ಒತ್ತಿದ್ಯಾ?" ಅಂದರು.

"ಇಲ್ಲ. ಬ್ರೇಕ್ ಒಂದೇ."

"ಗಾಡಿ ಆಫ್ ಆಗುತ್ತೆ," ಅಂದರು.

ನಾನು ಇನ್ನೂ ನಿಂತೇ ಇದ್ದೆ. ಅಷ್ಟರಲ್ಲಿ ಗೇಟಿನಕ್ಕ ಲೋಟವನ್ನು ಮೇಜಿನ ಮೇಲೆ ಕುಕ್ಕಿ, ಇಲ್ಲದ ಸುಳ್ಳು ಹೇಳಬೇಡ ಎಂದು ನನ್ನನ್ನು ಗದರಿದರು. ಮೊದಲು ಒತ್ತಿದ್ದು ತಾನಂತೆ. ಗೇಟು ಬಿಟ್ಟು ಒಳಗೆ ಬಂದು ಮೆಟ್ಟಿಲ ಬಳಿ ನಿಂತಿದ್ದರಂತೆ, ಅಕ್ಕನ ಕಾಲಿನ ಸದ್ದು ಕೇಳಿಯೇ ಗ್ಯಾಲರಿ ಒತ್ತಿತಂತೆ. ಹದಿನೆಂಟು ವರ್ಷದಿಂದ ಮೇಷ್ಟ್ರ ಬೀದಿಯಲ್ಲಿ ಅವರ ಮನೆ ಮುಂದೆ ಹಾಯದೆ, ಸುತ್ತು ಹಾಕಿ ಹಾಲು ತರುತ್ತಿದ್ದಾರಂತೆ. ಆಗ ದರ್ಜಿ ತಟ್ಟೆ ಕೆಳಗಿಟ್ಟ. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು ತನ್ನದು, ಅದಕ್ಕಿಂತ ಚುರುಕು ಕಾಲು ಆ ಗ್ಯಾಲರಿಯಲ್ಲಿ ಇನ್ನೊಂದಿರಲಿಲ್ಲ, ಆದ್ದರಿಂದ ಮೊದಲು ಒತ್ತಿದವನು ತಾನೇ ಅಂದ. ಜಾಗ ಸಾಲದು ಎಂದು ಇಷ್ಟು ವರ್ಷ ಯಾಕೆ ಹೇಳಿದ ಎಂಬುದು ಆಗ ತಿಳಿಯಿತು. ಹಿಂದೆ ಕೂತಿದ್ದ ಇನ್ನೂ ಮೂವರು ಎದ್ದರು.

ಸ್ವಲ್ಪ ಹೊತ್ತಿನಲ್ಲಿ ಜಗಳವೇ ಆಯಿತು. ಯಾರ ಸಾಲು ಮುಂದಿತ್ತು, ಯಾರ ಹಲಗೆ ಸಡಿಲವಿತ್ತು, ಯಾರು ಆ ದಿನ ಬೂಟು ಹಾಕಿದ್ದರು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ನಿದ್ದೆ ಕೆಟ್ಟವನು ನಾನು, ಈಗ ಬಂದು ಪಾಲು ಕೇಳುತ್ತಿದ್ದಾರೆ. ಒಬ್ಬರೂ ತಮ್ಮ ತಪ್ಪನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ತಯಾರಿರಲಿಲ್ಲ.

"ನನಗೆ ಯಾವ ಸದ್ದೂ ಕೇಳಿಸ್ಲಿಲ್ಲ."

ಬಾಗಿಲ ಕಡೆಯಿಂದ ಬಂತು ಮಾತು. ಗಾಳಿ. ಕೂಟದಲ್ಲಿ ಅವನ ಧ್ವನಿ ನಾವು ಕೇಳಿದ್ದು ಅದೇ ಮೊದಲು.

"ಓಡುವಾಗ ನನಗೆ ಏನೂ ಕೇಳಿಸಲ್ಲ," ಅಂದ. "ಬ್ರೇಕಿಗೆ ನಾನು ನಿಲ್ಲಲಿಲ್ಲ. ನೀವೆಲ್ಲ ಹಾಗಂದುಕೊಂಡ್ರಿ, ನಾನು ಸುಮ್ಮನಾದೆ. ತಲೆ ಎತ್ತಿ ನೋಡಿದೆ, ಮುಂದೆ ಯಾರೂ ಇಲ್ಲ. ಅಷ್ಟು ಖಾಲಿ ಜಾಗ ನಾನು ಯಾವತ್ತೂ ನೋಡಿರ್ಲಿಲ್ಲ. ಮುಂದೇನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ, ನಿಂತೆ. ತಪ್ಪು ನಂದು ಮೇಷ್ಟ್ರೇ. ಹದಿನೆಂಟು ವರ್ಷ ಇವರ ಕಾಲಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ."

ಅವನ ಕಣ್ಣಲ್ಲಿ ನೀರಿತ್ತು. ಮೇಷ್ಟ್ರು ಸ್ಟೂಲನ್ನು ತಿರುಗಿಸಿ, ಮೊದಲ ಸಲ ಕನ್ನಡಿ ಬಿಟ್ಟು ನೇರವಾಗಿ ನಮ್ಮನ್ನೇ ನೋಡುತ್ತಾ ಕೂತರು.

"ಅವತ್ತು ನಾನು ಒತ್ತಲಿಲ್ಲ," ಅಂದರು.

ನಮಗೆ ಅರ್ಥವಾಗಲಿಲ್ಲ.

"ನೀವು ನಾನೂರು ಜನ ಒತ್ತಿದ್ರಿ. ನಾನು ಒತ್ತಲಿಲ್ಲ. ಕಾಲು ಎತ್ತಿ ಹಿಡ್ಕೊಂಡಿದ್ದೆ, ಹೋಗಲಿ ಅಂತ. ಹನ್ನೊಂದು ವರ್ಷದಲ್ಲಿ ಅದೊಂದೇ ಸಲ." ಗಾಳಿಯತ್ತ ಕೈ ತೋರಿಸಿದರು. "ಅವನು ನಿಂತ್ಕೊಂಡು ಅತ್ತಿತ್ತ ನೋಡಿದನಲ್ಲ, ಆವಾಗ ಗೊತ್ತಾಯ್ತು. ನಿಲ್ಲೋದು ಹೇಗೆ ಅಂತ ಹನ್ನೊಂದು ವರ್ಷ ಹೇಳಿಕೊಟ್ಟೆ. ದಾರಿ ಖಾಲಿ ಇದ್ದಾಗ ಹೋಗೋದು ಹೇಗೆ ಅಂತ ಒಂದು ದಿನಾನೂ ಹೇಳಿಕೊಡ್ಲಿಲ್ಲ. ಅಧ್ಯಕ್ಷರಿಗೆ ನಾನು ಸುಳ್ಳು ಹೇಳ್ಲಿಲ್ಲಪ್ಪ. ನಿಲ್ಲಿಸಿದ್ದು ನಾನೇ."

ಪಕ್ಕದ ಸೀಟಿನ ಪಾಠ ನನಗೆ ನೆನಪಾದದ್ದು ಆಗ. ನಾನು ಹೊತ್ತ ಮೂಟೆಯಲ್ಲಿ ಇದ್ದದ್ದು ಬರೀ ಹೊಟ್ಟು. ನಿಜ ಹೇಳಬೇಕೆಂದರೆ ಮೊದಲು ಖುಷಿಯಾಗಲಿಲ್ಲ, ಮೋಸ ಹೋದ ಹಾಗಾಯಿತು. ನಾವು ಇಷ್ಟೂ ಜನ ಒಬ್ಬೊಬ್ಬರಾಗಿ ಮುಖ ಮರೆಸಿಕೊಂಡು ತಿರುಗುತ್ತಿದ್ದಾಗ, ಈ ಮನುಷ್ಯ ಮೂರು ಬೀದಿ ಆಚೆ ಅದನ್ನೇ ಒಬ್ಬರೇ ಹೊತ್ತು ಕೂತಿದ್ದರು. ಒಂದು ಸಲ ಚಹಾಕ್ಕೆ ಕರೆದಿದ್ದರೆ ಎಲ್ಲ ಇಳಿದುಹೋಗುತ್ತಿತ್ತು. ನನಗೆ ನಾಚಿಕೆಯಾಯಿತು.

ಗಾಳಿ ಎದ್ದು ಬಂದು ಮೇಷ್ಟ್ರ ಪಕ್ಕ ನೆಲದ ಮೇಲೆ ಕೂತ. ಅಲ್ಲಿ ಗುಂಡುಸೂಜಿ ಇರುತ್ತೆ ನೋಡ್ಕೋ ಎಂದು ದರ್ಜಿ ಹೇಳುವಷ್ಟರಲ್ಲಿ ಕೂತಾಗಿತ್ತು. ಮೇಷ್ಟ್ರು ಅವನ ಭುಜದ ಮೇಲೆ ಕೈಯಿಟ್ಟು, ಟೈರ್ ಅಂಗಡಿ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಅಂದ. ಆಮೇಲೆ ಗೇಟಿನಕ್ಕ ಇನ್ನೊಂದು ಸುತ್ತು ಚಹಾ ಹಾಕಿದರು. ದರ್ಜಿ ಕೊನೇ ಮ್ಯಾಚಿನ ಕತೆಯನ್ನು ಮೊದಲಿನಿಂದ ಹೇಳಿದ. ಹದಿನೆಂಟು ವರ್ಷ ಮಡಿಸಿಟ್ಟ ಬಟ್ಟೆ, ಅವನ ಕೈಯಲ್ಲಿ ಉದ್ದವಾಗುತ್ತಲೇ ಹೋಯಿತು. ಗಾಳಿ ನಿಂತು ಕೈ ತೋರಿಸಿ ಗಾಡಿ ಪಕ್ಕಕ್ಕೆ ಹಾಕಿದ ಅನ್ನುವಲ್ಲಿ ಗಾಳಿಯೇ ಮೊದಲು ನಕ್ಕ. ಮೇಷ್ಟ್ರೂ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಎರಡೇ ಸಲ. ಮೊದಲ ಸಲ ನನಗೆ ಲೈಸೆನ್ಸ್ ಬಂದ ದಿನ.

ಹೊರಡುವಾಗ ಇನ್ನೂ ಬಿಸಿಲಿತ್ತು. ಮೇಷ್ಟ್ರು ಎಲ್ ಬೋರ್ಡಿನ ಕಾರನ್ನು ಹಿಂದಿನ ವಾರವೇ ಕೊಟ್ಟುಬಿಟ್ಟಿದ್ದರು. ನನ್ನ ಕಾರಿದೆ, ಬಿಡುತ್ತೇನೆ ಅಂದೆ. ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕು ಟೈರನ್ನೂ ನೋಡಿದರು.

"ಬಸ್ಸು ಎಷ್ಟು ವರ್ಷ ಓಡಿಸ್ದೆ?" ಅಂದರು.

"ಮೂವತ್ತೊಂದು."

"ಎಲ್ಲಾದರೂ ಗುದ್ದಿದ್ಯಾ?"

"ಇಲ್ಲ ಮೇಷ್ಟ್ರೇ. ಒಂದು ಗೀರೂ ಇಲ್ಲ."

ನಾನು ಮುಂದಿನ ಬಾಗಿಲು ತೆಗೆದು ಹಿಡಿದುಕೊಂಡೆ. ಆ ಸೀಟಿನ ಕೆಳಗೆ ಬ್ರೇಕಿಲ್ಲ, ಆದರೂ ಅವರ ಕಾಲಿಗೆ ಅಡ್ಡಿಯಾಗಬಾರದೆಂದು ಅಲ್ಲಿದ್ದ ನೀರಿನ ಬಾಟಲಿ ತೆಗೆದೆ. ಮೇಷ್ಟ್ರು ಆ ಸೀಟನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನನ್ನ ಪಕ್ಕದಿಂದ ಹಾದು ಹೋಗಿ, ಹಿಂದಿನ ಬಾಗಿಲನ್ನು ತಾವೇ ತೆಗೆದು, ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ನಾನು ಖಾಲಿ ಸೀಟಿನ ಬಾಗಿಲು ಮುಚ್ಚಿ, ಸುತ್ತು ಬಂದು ಕೂತು, ಗಾಡಿ ಹೊರಡಿಸಿದೆ. ಮಾರುಕಟ್ಟೆಯ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಎಲ್ಲಿಂದಲೋ ಅಡ್ಡ ಬಂದ. ಬ್ರೇಕ್ ಒತ್ತಿದೆ, ಈ ಸಲ ಕ್ಲಚ್ಚನ್ನೂ ಒತ್ತಿದೆ. ಹಿಂದಿನಿಂದ ಕಾಲಿನ ಸದ್ದೇನೂ ಬರಲಿಲ್ಲ.

ಕನ್ನಡಿ ನೋಡಿದೆ. ಮೇಷ್ಟ್ರು ನಿದ್ದೆ ಮಾಡುತ್ತಿದ್ದರು.